ಎದುರಾಳಿಯ ಮಾತು ಮೊದಲು ಹೇಳುವ ಅಣ್ಣ

ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ಏಳು ತಿಂಗಳು ಹೇಳಲಿಲ್ಲ. ನನ್ನ ಅಣ್ಣನ ಹೆಸರು ಕೆಡಿಸಿದವರು ಯಾರೆಂದು ಊರೆಲ್ಲ ಹುಡುಕುತ್ತಿತ್ತು. ಹಂಪಿ ಬಜಾರಿನಲ್ಲಿ ಬಾಳೆಹಣ್ಣು ಮಾರುವ ನಾನೂ ಎಲ್ಲರೊಡನೆ ಸೇರಿ, "ಯಾವ ಪಾಪಿ ಇರಬೇಕ್ರಿ?" ಎನ್ನುತ್ತಿದ್ದೆ. ಪಾಪಿ ನಾನೇ!

ಅಣ್ಣ ಎಂಥವನೆಂದು ಮೊದಲು ಹೇಳಿಬಿಡುತ್ತೇನೆ. ಈ ದೇಶದ ನಾಯಕರನ್ನೆಲ್ಲ ರಿಪೇರಿ ಮಾಡಬಲ್ಲ ಒಬ್ಬನೇ ಮನುಷ್ಯ ಬುಕ್ಕಸಾಗರದ ಚಹಾದಂಗಡಿಯ ಬೆಂಚಿನ ಮೇಲಿದ್ದಾನೆ. ದೆಹಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೇ.

ಅವನು ತುಂಗಭದ್ರಾ ಡ್ಯಾಂ ಕಾಲುವೆಯಲ್ಲಿ ತೂಬು ಎತ್ತಿ ಇಳಿಸುವ ಕೆಲಸದಿಂದ ನಿವೃತ್ತನಾದವನು. ಮೇಲಿನ ಗದ್ದೆಯವರಿಗೂ ಕೊನೆಯ ಗದ್ದೆಯವರಿಗೂ ನೀರಿನ ಜಗಳ ತಪ್ಪಿದ್ದೇ ಇಲ್ಲ. ಅಣ್ಣ ಒಂದು ಕಾನೂನು ಮಾಡಿದ: ಮೇಲಿನವನು ಮೊದಲು ಕೆಳಗಿನವನ ಕಷ್ಟವನ್ನು ತನ್ನ ಬಾಯಿಂದ ಹೇಳಬೇಕು. ಕೆಳಗಿನವನು "ಹೌದಪ್ಪ, ಇದ ನನ್ನ ಮಾತು" ಎಂದಮೇಲೆ ತನ್ನದು. ಆಮೇಲೆ ಅದಲು ಬದಲು. ಅಷ್ಟರಲ್ಲಿ ಇಬ್ಬರಿಗೂ ಹಸಿವಾಗಿ, ಜಗಳ ಬಿಟ್ಟು ರೊಟ್ಟಿ ಗಂಟು ಬಿಚ್ಚುತ್ತಿದ್ದರಂತೆ!

ಈ ಕಾನೂನು ಸಂಸತ್ತಿಗೂ ಬರಬೇಕೆಂಬುದು ಅವನ ಹಟ. ಎದುರು ಪಕ್ಷದವನ ಮಾತನ್ನು ಅವನೇ ಒಪ್ಪುವಂತೆ ಹೇಳಲು ಬಾರದವನಿಗೆ ಮೈಕ್ ಕೊಡಬಾರದು. ಟಿವಿಯಲ್ಲಿ ನಾಯಕರು ಕೂಗಾಡಿದರೆ ಅಣ್ಣ ಎದ್ದು ನಿಂತು, "ಮೊದ್ಲು ಅವನ ಮಾತು ಹೇಳಲೇ!" ಎಂದು ಟಿವಿಗಿಂತ ಜೋರಾಗಿ ಕೂಗುತ್ತಿದ್ದ. ಅತ್ತಿಗೆ ರಿಮೋಟ್ ಹುಡುಕುತ್ತಿದ್ದಳು. ಇಬ್ಬರನ್ನೂ ಒಟ್ಟಿಗೆ ಆರಿಸುವ ಗುಂಡಿ ಅದರಲ್ಲಿರಲಿಲ್ಲ, ಪಾಪ.

ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಣ್ಣ ತಟ್ಟೆ ದೂಡಿದ. ಅತ್ತಿಗೆ ಸೊಂಟಕ್ಕೆ ಕೈಯಿಟ್ಟಳು.

"ಮೊದ್ಲು ನನ್ನ ಮಾತು ಹೇಳ್ರಿ."

"ನೀರು ಹೊತ್ತು, ಎಮ್ಮಿ ಹಿಂಡಿ, ಒಲಿ ಮುಂದ ಕುಂತಾಕಿಗೆ ಉಪ್ಪು ಹಾಕಿದ್ದು ನೆನಪಿರಂಗಿಲ್ಲ."

"ಇನ್ನೂ ಐತಿ."

"ನನ್ನ ಗಂಡ ಮನ್ಯಾಗ ಒಂದು ಹುಲ್ಲುಕಡ್ಡಿ ಎತ್ತಂಗಿಲ್ಲ."

"ಹೌದು, ಇದ ನನ್ನ ಮಾತು. ಈಗ ನಿಮ್ದು ಹೇಳ್ರಿ."

ಅಣ್ಣ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ಉಂಡ!

ನಗುವಂಥದ್ದೇ. ಆದರೆ ಚುನಾವಣೆಯ ಹೊತ್ತಿನಲ್ಲಿ ಮುಖ ಮುರಿದುಕೊಂಡಿದ್ದ ಎರಡೂ ಪಕ್ಷಗಳ ಹುಡುಗರು ಅವನ ಬೆಂಚಿಗೆ ಬರತೊಡಗಿದ್ದರು. ಹೊಸಪೇಟೆಗೆ ನೌಕರಿಗೆ ಹೋಗುವವರು, ಗದ್ದೆಗೆ ಕೂಲಿಗೆ ಹೋಗುವವರು, ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವುದು. "ಲೇ, ನನಗಿಂತ ನೀನ ಚಲೋ ಹೇಳ್ದಿ!" ಎಂದು ಬೆನ್ನು ಗುದ್ದುವುದು. ನೌಕರಿಯಲ್ಲಿದ್ದಾಗಲೂ ಅಣ್ಣನ ಮುಖದಲ್ಲಿ ಅಂಥ ಕಳೆ ಇರಲಿಲ್ಲ.

ನಾಯಕನ ಭಾಷಣ ಹೇಗಿರಬೇಕೆಂದು ಭಾನುವಾರ ಅಣ್ಣ ತಾನೇ ಮಾಡಿ ತೋರಿಸುವುದೆಂದಾಯಿತು. ನಾನು ಹಬ್ಬಕ್ಕೆ ತವರಿಗೆ ಹೋಗಿದ್ದೆ. ಹಿತ್ತಲಲ್ಲಿ ಅಣ್ಣ ಎಮ್ಮೆಯ ಮುಂದೆ ಅಭ್ಯಾಸ ಮಾಡುತ್ತಿದ್ದ. ನಾನು ಕಿಟಕಿಯಿಂದ ಫೋನ್ ಹಿಡಿದೆ. ಪದ್ಧತಿಯಂತೆ, ತನಗೆ ಸೇರದ ಪಕ್ಷದ ಮಾತುಗಳನ್ನೇ ಮೊದಲು ಹೇಳಿದ. ಅವರೂ ಅಷ್ಟು ಚೆಂದ ಹೇಳಲಾರರು! ನೀರು ಕುಡಿದು, "ಆದ್ರ..." ಎನ್ನುವಷ್ಟರಲ್ಲಿ ನನ್ನ ಫೋನಿನಲ್ಲಿ ಜಾಗ ಮುಗಿಯಿತು. ಮೊಮ್ಮಗಳ ಫೋಟೋಗಳಿಂದಲೇ ತುಂಬಿದ ಫೋನು ಅದು. ಉಳಿದರ್ಧವನ್ನು ಅಲ್ಲೇ ನಿಂತು ಕೇಳಿದೆ. ಇದ್ದಷ್ಟನ್ನೇ, "ನೋಡು ನಮ್ಮಣ್ಣನ ಅವತಾರ" ಎಂದು ಬಜಾರಿನ ಗೆಳತಿಗೆ ಕಳಿಸಿದೆ. ಏಳನೇ ತರಗತಿಗೇ ಶಾಲೆ ಬಿಟ್ಟವಳ ಬುದ್ಧಿ!

ಸಂಜೆಗೆ ಅದು ಕಂಪ್ಲಿ ಮುಟ್ಟಿತು, ಮರುದಿನ ಸಂಡೂರು. ಎಲ್ಲಿಂದ ಹೊರಟಿತೆಂದು ಯಾರಿಗೂ ತಿಳಿಯಲಿಲ್ಲ. ಗೆಳತಿ ಬಾಯಿ ಬಿಡಲಿಲ್ಲ. "ಪಕ್ಷ ಯಾವಾಗ ಬದಲಿಸಿದಿ ಕಾಕಾ?" ಎಂದರು ಅವನದೇ ಪಕ್ಷದವರು. ಸನ್ಮಾನಕ್ಕೆ ಹಾರ ತಂದ ಎದುರು ಪಕ್ಷದವರು, ಇವನು ತಮ್ಮವನಲ್ಲವೆಂದು ತಿಳಿದು, ಮೋಸಗಾರ ಎಂದರು. "ಇನ್ನರ್ಧ ಐತ್ರೋ!" ಎಂದು ಅಣ್ಣ ಹೇಳಿದ್ದೇ ಹೇಳಿದ್ದು. ಆ ಇನ್ನರ್ಧ ಕೇಳಿದವರು ಇಬ್ಬರೇ. ಒಬ್ಬಾಕೆ ಎಮ್ಮೆ. ಇನ್ನೊಬ್ಬಾಕೆ ಬಾಯಿದ್ದೂ ಸುಮ್ಮನಿದ್ದಳು. ಭಾನುವಾರದ ಭಾಷಣಕ್ಕೆ ಯಾರೂ ಬರಲಿಲ್ಲ, ಬೆಂಚು ಖಾಲಿಯಾಯಿತು.

ಮೊನ್ನೆ ಹೋದಾಗ ಬೆಂಚಿನಲ್ಲಿ ಅಣ್ಣನೊಬ್ಬನೇ. ಎದುರಿನ ಕಲ್ಲಿನ ಮೇಲೆ ನಾಲ್ಕು ಜನ ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದರು. ಅಂಗಡಿಯವನು ಲೋಟ ಕೊಡುತ್ತ, "ಆ ವಿಡಿಯೋ ಮಾಡಿದವನ ಕೈ ಸೇದಿಹೋಗ್ಲಿ ಕಾಕಾ" ಎಂದ.

"ಹಂಗ ಅನಬ್ಯಾಡಪ್ಪ. ಅವನದೂ ಒಂದು ಮಾತು ಇರತೈತಿ. ಫೋನ್ ತುಂಬಿರಬೇಕು. ಪ್ರೀತಿಯಿಂದನ ಕಳಿಸಿರಬೇಕು. ಇಷ್ಟು ದೊಡ್ಡದಾದ ಮ್ಯಾಲೆ ಹೇಳಾಕ ಹೆದರಿಕಿ ಆಗಿರಬೇಕು. ಪಾಪ, ಅವನಿಗೂ ನಿದ್ದಿ ಬರ್ತಿರಲಿಕ್ಕಿಲ್ಲ."

ಏಳು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದನ್ನೆಲ್ಲ, ಒಂದೂ ಬಿಡದೆ, ಅವನು ಹೇಳಿದ್ದ. ನಾನು ಕಲ್ಲಿನ ಮೇಲಿದ್ದವರಿಗೂ ಕೇಳುವಂತೆ ದನಿ ಎತ್ತಿದೆ:

"ಅವನಲ್ಲಣ್ಣ, ನಾನು. ಕಿಟಕ್ಯಾಗ ನಿಂತು ಅರ್ಧ ಹಿಡಿದಾಕಿ ನಾನು. ಉಳಿದರ್ಧ ಈ ಕಿವಿಯಿಂದ ಕೇಳೀನಿ, ನೀ ಸುಳ್ಳು ಹೇಳಿಲ್ಲ. ತಪ್ಪಾತಣ್ಣ, ಹೊಟ್ಟ್ಯಾಗ ಹಾಕ್ಕೋ."