ನೋವಿಲ್ಲದ ಸೂಜಿ

"ಇನ್ನು ಮುಂದೆ ಬೆಕ್ಕಿಗೆ ಇನ್ಸುಲಿನ್ ಕೊಡೋನು ನಾನು, ನಾನೊಬ್ಬನೇ!"

ಹೀಗೆಂದು ನಾನು ಘೋಷಿಸಿದ್ದು ಬೆಕ್ಕಿನ ಡಾಕ್ಟರ ಕೋಣೆಯಲ್ಲಿ, ಹೆಂಡತಿಯ ಎದುರಿಗೇ, ಎದೆ ಉಬ್ಬಿಸಿ ನಿಂತು. ಕನ್ನಡಕದ ಅಂಗಡಿ ನನ್ನದು. ಇರುವೆಯ ತಲೆಯಷ್ಟಿರುವ ಸ್ಕ್ರೂಗಳನ್ನು ದಿನವಿಡೀ ತಿರುಗಿಸುವ ಕೈ ಇದು. ಯಃಕಶ್ಚಿತ್ ಒಂದು ಬೆಕ್ಕಿಗೆ ಸೂಜಿ ಚುಚ್ಚಲು ಅಂಜೀತೇ?

ನಮ್ಮ ಬೆಕ್ಕಿನ ಹೆಸರು ಜಮೀನ್ದಾರ. ಹೊಟ್ಟೆ ಆಡಿಸುತ್ತ ಕೋಣೆಯಿಂದ ಕೋಣೆಗೆ ತಪಾಸಣೆಗೆ ಹೋಗಿ, ಕೊನೆಗೆ ನನ್ನ ಕುರ್ಚಿಯಲ್ಲೇ ಪವಡಿಸುವುದರಿಂದ ಬಂದ ಬಿರುದು. ಹೋದ ವರ್ಷ ಈ ಮಹಾಶಯನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಹೆಂಡತಿ ಬೆಳಿಗ್ಗೆ ಸಂಜೆ ಸೂಜಿ ಚುಚ್ಚಿದಳು, ಅವನ ಊಟ ಬದಲಾಯಿಸಿದಳು. ಕೆಲವು ತಿಂಗಳಲ್ಲಿ ಕಾಯಿಲೆ ಬಾಲ ಮುದುರಿಕೊಂಡಿತು, ಇನ್ಸುಲಿನ್ ನಿಂತಿತು. ಪೀಡೆ ತೊಲಗಿತೆಂದು ನಾವು ನಂಬಿಕೊಂಡೆವು. ಅದು ರಜೆಯ ಮೇಲೆ ಹೋಗಿತ್ತಷ್ಟೆ!

ಒಂದು ದಿನ ನೋಡಿದರೆ ಜಮೀನ್ದಾರ ಬಚ್ಚಲುಮನೆಯಲ್ಲಿ, ಹಿಂಗಾಲು ಹೊರಗೆ, ತಲೆ ಬಕೆಟ್ಟಿನೊಳಗೆ!

"ರೀ, ಇವನು ನೀರು ಕುಡಿಯೋದು ನೋಡಿದ್ರೆ ನಂಗೆ ಭಯ ಆಗುತ್ತೆ."

"ಸೆಕೆ ಕಣೇ. ನಾನೂ ಕುಡೀತಿಲ್ವಾ?"

"ನೀವು ಬಕೆಟ್ಟಿಗೆ ತಲೆ ಹಾಕಿ ಕುಡೀತಿಲ್ಲ."

ಡಾಕ್ಟರಮ್ಮ ಬೆಕ್ಕಿನ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಮುಟ್ಟಿಸಿದರು. ಅವರ ಹುಬ್ಬು ಮೇಲೆ ಹೋಗಿದ್ದು ಕೆಳಗಿಳಿಯಲೇ ಇಲ್ಲ.

"ಸಕ್ಕರೆ ವಾಪಸ್ ಬಂದಿದೆ. ಇನ್ಸುಲಿನ್ ಮತ್ತೆ ಶುರು ಮಾಡ್ಲೇಬೇಕು."

ನನಗೆ ಬರಸಿಡಿಲು ಬಡಿದಂತಾಯಿತು. ಆ ಗಾಬರಿಯಲ್ಲಿ ಮಾತು ಜಾರಿತು. "ಹೋದ ಸಲ ಇವಳು ಸರಿಯಾಗಿ ಚುಚ್ಚಿಲ್ಲ ಅಂತ ಕಾಣುತ್ತೆ, ಡಾಕ್ಟ್ರೇ."

ಹೆಂಡತಿ ನನ್ನತ್ತ ನೋಡಿದಳು. ಆ ನೋಟವನ್ನು ತಡೆಯುವ ಗಾಜು ನನ್ನ ಅಂಗಡಿಯಲ್ಲಿಲ್ಲ.

"ಓಹೋ! ಹಾಗಾದ್ರೆ ಈ ಸಲ ನೀವೇ ಚುಚ್ಚಿ."

"ಚುಚ್ಚೋದ್ರಲ್ಲಿ ನೀನು ಎತ್ತಿದ ಕೈ ಕಣೇ. ಆದ್ರೆ ಅದು ಮಾತಲ್ಲಿ!" ಎಂದೆ. ಆಮೇಲೆ ಬಂದದ್ದೇ ಮೇಲಿನ ಘೋಷಣೆ.

ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಬೆಕ್ಕು ಊಟ ಮಾಡಿದ ಮೇಲೆಯೇ ಕೊಡಬೇಕು. ಕತ್ತಿನ ಹಿಂದಿನ ಚರ್ಮವನ್ನು ಗುಡಾರದಂತೆ ಎತ್ತಿ ಹಿಡಿದು ಚುಚ್ಚಬೇಕು. ಔಷಧ ಒಳಗೆ ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ, ಆ ಹೊತ್ತಿಗೆ ಸುಮ್ಮನಿದ್ದುಬಿಡಬೇಕು, ಎರಡನೆಯ ಸಲ ಕೊಡಲೇಬಾರದು. ನಾನು ತಲೆಯಾಡಿಸಿದೆ. ಅನುಮಾನವೇ? ನನಗೇ?

ಮರುದಿನ ಬೆಳಿಗ್ಗೆ ಜಮೀನ್ದಾರ ಬಟ್ಟಲು ನೆಕ್ಕಿ ಮುಗಿಸುವುದನ್ನೇ ಕಾದು ಕೂತೆ. ಗುಡಾರ ಎತ್ತಿದೆ, ಚುಚ್ಚಿದೆ, ಒತ್ತಿದೆ. ಆಶ್ಚರ್ಯ! ಬೆಕ್ಕು ಮಿಸುಕಲಿಲ್ಲ, ಕಿವಿಯನ್ನೂ ಅಲುಗಿಸಲಿಲ್ಲ! ಅಂದು ಸಂಜೆಯೂ ಹಾಗೇ, ಮಾರನೆಯ ದಿನವೂ ಹಾಗೇ. ನೋವಿಲ್ಲದ ಇಂಜೆಕ್ಷನ್! ಒಂದು ವಾರದಲ್ಲಿ ಅವನು ಬಕೆಟ್ಟಿನ ಗೋಜು ಬಿಟ್ಟ, ಮೈಯಲ್ಲಿ ಹೊಳಪು ಬಂತು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯತೊಡಗಿದೆ. ಅಂಗಡಿಗೆ ಕನ್ನಡಕಕ್ಕೆಂದು ಬಂದವರಿಗೆ ಮೊದಲು ನನ್ನ ಕೈಚಳಕದ ಕಥೆ, ಆಮೇಲೆ ಕನ್ನಡಕ. ಹಲ್ಲಿನ ಡಾಕ್ಟರೊಬ್ಬರಿಗೆ, "ಚುಚ್ಚಿದ್ದು ಗೊತ್ತೇ ಆಗ್ಬಾರ್ದು ಸಾರ್, ಅದು ಕಲೆ," ಎಂದು ಬೋಧನೆ ಬೇರೆ ಮಾಡಿದೆ!

ಹೆಂಡತಿ ಮಾತ್ರ ಯಾಕೋ ಒಂದು ದಿನವೂ ಹೊಗಳಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡೆ.

ಹೀಗಿರುತ್ತ ಒಂದು ಬೆಳಿಗ್ಗೆ, ಗಿರಾಕಿಯೊಬ್ಬರ ಮನೆಗೆ ತಲುಪಿಸಬೇಕಿದ್ದ ಓದುವ ಕನ್ನಡಕ ನನ್ನ ಜೇಬಿನಲ್ಲಿತ್ತು. ನನಗೂ ಹತ್ತಿರದ್ದು ಮಂಜು ಮಂಜು. ಅಂಗಡಿಯಲ್ಲಾದರೆ ಸ್ಕ್ರೂ ತಿರುಗಿಸಲು ಭೂತಗನ್ನಡಿ ಇದೆ, ಮನೆಯಲ್ಲಿಲ್ಲ. ಆದರೆ ಕನ್ನಡಕ ಮಾರುವವನಿಗೇ ಕಣ್ಣು ಕಾಣದೆಂದರೆ ಮರ್ಯಾದೆಯ ಪ್ರಶ್ನೆ ನೋಡಿ, ಹಾಗಾಗಿ ಹಾಕಿಕೊಂಡವನಲ್ಲ. ಅಂದು ಯಾರೂ ನೋಡುತ್ತಿಲ್ಲವೆಂದು ಅದನ್ನು ಮೂಗಿಗೇರಿಸಿಕೊಂಡೆ. ಅಬ್ಬಬ್ಬಾ! ಸೂಜಿಯ ಮೊನೆ ಫಳಫಳ! ಚರ್ಮ ಎತ್ತಿದೆ, ಚುಚ್ಚಿದೆ.

"ಮ್ಯಾಂವ್!"

ಬೆಕ್ಕು ಹೌಹಾರಿ ನನ್ನ ಮುಖ ನೋಡಿತು. ನಾನೂ ಹೌಹಾರಿದೆ. ಇಷ್ಟು ದಿನ ಇಲ್ಲದ ನೋವು ಇವತ್ತೇಕೆ? ಕೈ ತಪ್ಪಿರಬೇಕೆಂದು ನೊಂದುಕೊಂಡು ಸ್ನಾನಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಕಲಾವಿದನ ಮಾನ!

ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಜಮೀನ್ದಾರ ಎದುರಿಗೆ ಬಂದ. ನಡಿಗೆ ಕುಡುಕನಂತೆ! ಹಿಂಗಾಲು ಒಂದು ಕಡೆಗೆ, ಮುಂಗಾಲು ಇನ್ನೊಂದು ಕಡೆಗೆ. ಗೋಡೆಗೆ ಒರಗಿದ, ಜಾರಿ ಕೆಳಗೆ ಬಿದ್ದ. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

"ಲೇ! ಬಾರೇ ಬೇಗ! ಇವನಿಗೇನೋ ಆಗೋಯ್ತು!"

ಹೆಂಡತಿ ಓಡಿ ಬಂದಳು. ಬೆಕ್ಕನ್ನು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

"ರೀ, ಇವತ್ತು ಔಷಧ ನಿಜವಾಗ್ಲೂ ಒಳಗೆ ಹೋಯ್ತಾ?"

"ನಿಜವಾಗ್ಲೂ ಅಂದ್ರೆ? ದಿನಾ ಹೋಗಲ್ವಾ?"

"ದಿನಾ ಹೋಗೋದು ಅವನ ಕೂದಲಿಗೆ! ನೀವು ಚುಚ್ಚಿ ಎದ್ದ ಮೇಲೆ ಕತ್ತು ಮುಟ್ಟಿ ನೋಡಿದ್ರೆ ಒದ್ದೆ, ಔಷಧದ ವಾಸನೆ. ಆಮೇಲೆ ನಾನೇ ಸರಿಯಾಗಿ ಕೊಡ್ತಿದ್ದೆ."

ನಾನು ಬೆಕ್ಕಿನ ಪಕ್ಕದಲ್ಲೇ ಕುಕ್ಕರಿಸಿದೆ.

"ಇವತ್ತೂ ಕೊಟ್ಯಾ?"

"ಕೊಟ್ಟೆ! ಅವಸರದಲ್ಲಿ ಕತ್ತು ಮುಟ್ಟಿ ನೋಡ್ಲಿಲ್ಲ. ಒಂದು ದಿನಾನೂ ಸರಿಯಾಗಿ ಚುಚ್ಚದೇ ಇದ್ದೋರು ಇವತ್ತೇ ಚುಚ್ತೀರಿ ಅಂತ ನಂಗೇನು ಕನಸು ಬಿದ್ದಿತ್ತಾ?"

ಅವಳು ಅಳುತ್ತಲೇ ಜೇನುತುಪ್ಪ ತಂದು ಬೆಕ್ಕಿನ ವಸಡಿಗೆ ಸವರಿದಳು. ನಾನು ಅವನನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬೀದಿಗೆ ಓಡಿದೆ. ಆಟೋದಲ್ಲಿ ಅವನ ಮೈ ಅದುರುತ್ತಿತ್ತು. ನನ್ನದು ಅದಕ್ಕಿಂತ ಹೆಚ್ಚು. "ಜಮೀನ್ದಾರಾ, ಕುರ್ಚಿ ನಿಂದೇ ಕಣೋ, ಮನೇನೂ ನಿಂದೇ, ಕಣ್ಣು ಬಿಡೋ," ಎಂದು ಗೋಗರೆಯುತ್ತಿದ್ದೆ. ಯಾವುದೋ ಎಸ್ಟೇಟಿನ ಧಣಿ ಸಾಯುತ್ತಿದ್ದಾನೆಂದು ತಿಳಿದ ಡ್ರೈವರು ಎಲ್ಲೂ ಬ್ರೇಕ್ ಹಾಕಲಿಲ್ಲ.

"ನನಗ್ಯಾಕೆ ಮೊದಲೇ ಹೇಳ್ಲಿಲ್ಲ?" ಎಂದೆ, ಆಟೋದಲ್ಲಿ ಪಕ್ಕಕ್ಕೆ ಕೂತಿದ್ದ ಹೆಂಡತಿಗೆ.

"ಹೇಗೆ ಹೇಳ್ಲಿ? ಊರಿಗೆಲ್ಲ ಹೇಳ್ಕೊಂಡು ಅಷ್ಟು ಖುಷಿಯಾಗಿದ್ರಿ."

ಡಾಕ್ಟರಮ್ಮ ಗ್ಲೂಕೋಸ್ ಏರಿಸಿದರು. ನಾವಿಬ್ಬರೂ ಬೆಂಚಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಮಧ್ಯಾಹ್ನದ ಹೊತ್ತಿಗೆ ಜಮೀನ್ದಾರ ತಲೆಯೆತ್ತಿ, ಕೋಣೆಯನ್ನೊಮ್ಮೆ ತಪಾಸಣೆ ಮಾಡಿ, ನನ್ನ ಕಡೆಗೆ ಬೆನ್ನು ತಿರುಗಿಸಿ ಮಲಗಿದ. ಹೋದ ಜೀವ ಬಂತು, ಅವನಿಗೂ ನನಗೂ.

ಡಾಕ್ಟರಮ್ಮ ನಡೆದದ್ದನ್ನೆಲ್ಲ ಕೇಳಿಸಿಕೊಂಡು ಮೊದಲು ಹೆಂಡತಿಯನ್ನು ಗದರಿಸಿದರು. "ಅನುಮಾನ ಇದ್ರೆ ಎರಡನೇ ಸಲ ಕೊಡ್ಬೇಡಿ ಅಂತ ಅಷ್ಟು ಹೇಳಿದ್ನಲ್ಲಾ?" ಅವಳು ತಲೆ ತಗ್ಗಿಸಿದಳು. ಆಮೇಲೆ ಅವರು ನನ್ನ ಕಡೆಗೆ ತಿರುಗಿದರು.

"ನಾನು ಮಾಡಿದ ತಪ್ಪು ಯಾವ್ದು, ಡಾಕ್ಟ್ರೇ?" ಎಂದೆ.

"ಇವತ್ತು ಸರಿಯಾಗಿ ಮಾಡಿದ್ದೇ ತಪ್ಪು! ಇಷ್ಟು ದಿನ ತಪ್ಪಾಗಿ ಮಾಡ್ತಿದ್ರಿ, ಅದಕ್ಕೇ ಬೆಕ್ಕು ಆರಾಮಾಗಿತ್ತು. ನೋಡಿ, ಇನ್ನು ಮೇಲೆ ಸೂಜಿ ನಿಮ್ಮ ಮನೆಯವರು ಒಬ್ಬರೇ ಕೊಡ್ಲಿ. ನೀವು ಬಾಯಿ ಹಿಡ್ಕೊಂಡಿದ್ರೆ ಸಾಕು."

ಒಂದು ಕೆಲಸವಾದರೂ ಉಳಿಯಿತಲ್ಲ ಎಂದು ನಾನು ಉತ್ಸಾಹದಿಂದ ಅಂಗಿಯ ತೋಳು ಮಡಚಿದೆ. "ಆಗ್ಲಿ ಡಾಕ್ಟ್ರೇ! ಗಟ್ಟಿಯಾಗಿ ಹಿಡ್ಕೋತೀನಿ. ಆದ್ರೆ ಬೆಕ್ಕು ಕಚ್ಚಿಬಿಟ್ರೆ?"

"ಬೆಕ್ಕಿನ ಬಾಯಲ್ಲ ಕಣ್ರೀ," ಎಂದಳು ಹೆಂಡತಿ, "ನಿಮ್ದು!"