ಸೂತ್ರಕ್ಕೆ ಅಂಕಿ ಉಣಿಸಿದ ದಿನಗಳು

ನಾಳೆಯನ್ನು ಲೆಕ್ಕ ಹಾಕಿ ಹಿಡಿಯಲು ಹೊರಟವರಿಗೆ ಎಡವಟ್ಟು ಆಗುತ್ತಲೇ ಇರುತ್ತದೆ. ಎಂಬತ್ತರ ದಶಕದಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದೆ. ನಮ್ಮ ಸಾಹೇಬರು ಗಣಿತ ಓದಿದವರು. ನಾಳೆ ಏನಾಗುತ್ತದೆಂದು ಹೇಳುವ ಸೂತ್ರ ಅವರದು; ಇವತ್ತು ನಿಜಕ್ಕೂ ಏನಾಯಿತೆಂಬ ಅಂಕಿ ತರುವ ಕೆಲಸ ನನ್ನದು. ಆ ಅಂಕಿ ನೋಡಿ ಅವರು ಸೂತ್ರವನ್ನು ತಿದ್ದುತ್ತಿದ್ದರು.

ಖಾಲಿ ಪಾತ್ರೆ

ಮೊದಲ ಸೂತ್ರ ಕ್ಯಾಂಟೀನಿನ ಅನ್ನಕ್ಕೆ. ಅನ್ನ ಮಿಕ್ಕರೆ ಮರುದಿನ ಅಕ್ಕಿ ಕಡಿಮೆ. ತಿದ್ದಿ ತಿದ್ದಿ, ಒಂದಗುಳೂ ಮಿಗದ ಹಾಗಾಯಿತು. "ಕರಾರುವಾಕ್ಕಾಗಿದೆ ಕಣ್ರೀ!" ಎಂದು ಸಾಹೇಬರು ಹಿಗ್ಗಿದರು. ಆ ಖುಷಿಯಲ್ಲಿ ನಾವಿಬ್ಬರೂ ಊಟಕ್ಕೆ ತಡವಾಗಿ ಹೋದೆವು.

"ಅನ್ನ ಮುಗೀತು ಸಾರ್," ಅಂದ ಬಡಿಸುವವನು.

"ದಿನಾ ಹೀಗೇನಾ?" ಸಾಹೇಬರು ಕೇಳಿದರು.

"ದಿನಾ ಹೀಗೇ. ಕೊನೇಲಿ ಬಂದೋರು ಗೇಟಿನಾಚೆ ಬನ್ನು ತಿಂತಾರೆ."

ಪಾತ್ರೆ ಖಾಲಿಯಾದರೆ ಅನ್ನ ಸರಿಹೋಯಿತೋ, ಸಾಲದೇ ಹೋಯಿತೋ? ನಮ್ಮ ಅಂಕಿಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಗೇಟಿನಾಚೆ ನಿಂತು ಬನ್ನು ಕಚ್ಚುತ್ತಾ ಸಾಹೇಬರು, "ನಾಳೆಯಿಂದ ಬನ್ನೂ ಎಣಿಸ್ರೀ," ಅಂದರು.

ಕುಲುಮೆಯ ಕಾವು

ಆಮೇಲೆ ಕುಲುಮೆಗೊಂದು ಸೂತ್ರ. ಯಾವ ಹೊತ್ತಿಗೆ ಎಷ್ಟು ಕಾವಿರುತ್ತದೆಂದು ನಾವು ಮೊದಲೇ ಹೇಳುವುದು; ಕುಲುಮೆಯವರು ಮೀಟರ್ ನೋಡಿ ನಿಜವಾದ ಕಾವು ಬರೆದು ಕಳಿಸುವುದು. ಒಂದು ವಾರ ಎರಡೂ ಚೂರೂ ತಪ್ಪದೆ ತಾಳೆಯಾದವು. ಆದರೆ ಅದೇ ವಾರ ಅದರಲ್ಲಿ ಕಾಯಿಸಿದ ಗಿಯರ್ ಚಕ್ರಗಳೆಲ್ಲ ಬಿರುಕು ಬಿಟ್ಟವು. ಗಾಬರಿಯಿಂದ ಓಡಿಹೋಗಿ ಕೇಳಿದೆವು.

ಚಿಕ್ಕಬಾಣಾವರದ ಕಡೆಯ ಕುಲುಮೆಯವನು ಸಮಾಧಾನವಾಗಿ ಹೇಳಿದ: "ಮೀಟ್ರು ಕೆಟ್ಟು ವಾರ ಆಯ್ತು ಸಾರ್. ನೀವು ಏಳಿದ್ದನ್ನೇ ಬರ್ದು ಕಳಿಸ್ತಿದ್ದೆ. ಎಂಗೂ ನಿಮ್ದು ಸರಿಯಾಗೇ ಇರ್ತದಲ್ಲ!"

ಹೊಸತೊಡಕು

ಯುಗಾದಿಯ ಮಾರನೆಯ ದಿನ, ಮನೆಮನೆಯಲ್ಲೂ ಬಾಡೂಟವಿರುವ ಹೊಸತೊಡಕಿನಂದೇ, ತುರ್ತಾಗಿ ಒಂದು ಲಾರಿ ಮಾಲು ಹೋಗಬೇಕಿತ್ತು. ಹೋಗದಿದ್ದರೆ ಆರ್ಡರೇ ಕೈತಪ್ಪುತ್ತಿತ್ತು. ಅವತ್ತು ಎಷ್ಟು ಜನ ಬಂದಾರು? ಸಾಹೇಬರು ಹಳೆಯ ಹಾಜರಿಯನ್ನೆಲ್ಲ ಸೂತ್ರಕ್ಕೆ ಹಾಕಿ, "ಅರ್ಧ ಜನ ಬರಲ್ಲ," ಅಂದರು. ಮ್ಯಾನೇಜರು ಹೆದರಿ ನೋಟಿಸ್ ಬೋರ್ಡಿಗೆ ಅಂಟಿಸಿಯೇಬಿಟ್ಟರು: "ಅರ್ಧದಷ್ಟು ಜನ ಗೈರಾಗುವರೆಂದು ಲೆಕ್ಕದಿಂದ ತಿಳಿದಿದೆ. ದಯವಿಟ್ಟು ಎಲ್ಲರೂ ಬನ್ನಿ."

ಅವತ್ತು ಬಂದವರು ಸಾಹೇಬರು, ಮ್ಯಾನೇಜರು, ನಾನು ಮತ್ತು ವಾಚ್‌ಮನ್. ನಾಲ್ಕೂ ಜನ ಪೆಟ್ಟಿಗೆ ಹೊತ್ತು ಸಂಜೆಯ ಹೊತ್ತಿಗೆ ಲಾರಿ ತುಂಬಿಸಿದೆವು. ಆರ್ಡರು ಉಳಿಯಿತು, ಸೊಂಟ ಉಳಿಯಲಿಲ್ಲ.

ಮಾರನೆಯ ದಿನ ಸೊಂಟ ಹಿಡಿದುಕೊಂಡೇ ಸಾಹೇಬರು ಹಿರಿಯ ಫಿಟ್ಟರ್ ಒಬ್ಬರನ್ನು ಕರೆಸಿ ಕೇಳಿದರು: "ಅಷ್ಟು ಬೇಡಿಕೊಂಡರೂ ಒಬ್ಬರೂ ಬರಲಿಲ್ಲವಲ್ರೀ?"

ಫಿಟ್ಟರಿಗೆ ನಿಜವಾಗಿಯೂ ಆಶ್ಚರ್ಯ. "ಅರ್ಧ ಜನ ಬರಲ್ಲ ಅಂತ ನೀವೇ ಲೆಕ್ಕ ಹಾಕಿದ್ರಲ್ಲ ಸಾರ್. ಆ ಅರ್ಧದಲ್ಲಿ ನಾನಿದೀನಿ ಅಂದ್ಕೊಂಡೆ. ಎಲ್ರೂ ಹಂಗೇ ಅಂದ್ಕೊಂಡಿದ್ರು ಅಂತ ಇವತ್ತೇ ಗೊತ್ತಾಗಿದ್ದು!"