ಟರ್ಬೊ ತಣ್ಣಗಾಗುವವರೆಗೆ

ನನ್ನ ಷಡ್ಡಕರಿಗೆ ಕಾರು ಓಡಿಸಲು ಬರುತ್ತಿತ್ತು, ಬಿಚ್ಚಲು ಬರುತ್ತಿತ್ತು, ಬಿಚ್ಚಿದ್ದನ್ನು ಜೋಡಿಸಲೂ ಬರುತ್ತಿತ್ತು. ಇಳಿಯಲು ಮಾತ್ರ ಬರುತ್ತಿರಲಿಲ್ಲ!

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ನಾಲ್ಕೇ ಬಾಗಿಲು. ಅವರ ಕಾರು ಓಣಿಗೆ ತಿರುಗಿದ ಸದ್ದು ಕೇಳಿದೊಡನೆ ಅಕ್ಕ ಒಲೆಯ ಮೇಲೆ ಚಹಾ ಇಡುತ್ತಿದ್ದರು. ಅವರನ್ನು ನಾನೂ ಅಕ್ಕ ಎಂದೇ ಕರೆಯುವುದು. ಚಹಾ ಕುದಿದು, ಸೋಸಿ, ಲೋಟಕ್ಕೆ ಬಂದರೂ ಇವರು ಮನೆಯೊಳಗೆ ಬರುತ್ತಿರಲಿಲ್ಲ. ಕಾರು ಬಾಗಿಲ ಮುಂದೆಯೇ ನಿಂತಿದೆ, ಎಂಜಿನ್ ಗುರುಗುಡುತ್ತಿದೆ, ಇವರು ಸ್ಟೀರಿಂಗ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದಾರೆ. ಗೊತ್ತಿಲ್ಲದವರು ನೋಡಿದರೆ ಎದೆನೋವೆಂದು ಓಡಿ ಬರಬೇಕು, ಹಾಗೆ!

"ಏನ್ರೀ, ಒಳಗ ಬರ್ತೀರೋ, ಅಲ್ಲೇ ಹಾಸಿಗಿ ಹಾಸ್ಲೋ?"

"ತಡಿಯೇ, ಅದು ತಣ್ಣಗಾಗ್ಲಿ."

"ಇಲ್ಲಿ ಚಾ ತಣ್ಣಗಾತು!"

"ಅದು" ಎಂದರೆ ಟರ್ಬೊ. ಎಂಜಿನ್ನಿನ ಬಿಸಿ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಕೂತ ಪುಟ್ಟ ಚಕ್ರ. ಹೊಗೆಯ ರಭಸಕ್ಕೆ ತಾನು ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದೆ, ಅದರಿಂದ ಹಳೆಯ ಗಾಡಿಯೂ ಗುಡ್ಡ ಹತ್ತುತ್ತದೆ. ಕೆಂಡದಂತೆ ಕಾದ ಆ ಚಕ್ರವನ್ನು ಕಾಪಾಡುವುದು ಎಂಜಿನ್ ಆಯಿಲ್. ಗಾಡಿ ನಿಂತ ಕೂಡಲೇ ಕೀ ತಿರುಗಿಸಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಚಕ್ರ ನಿಲ್ಲುವುದಿಲ್ಲ. ಉಳಿದ ಆಯಿಲ್ ಅಲ್ಲೇ ಸುಟ್ಟು ಇದ್ದಿಲಾಗುತ್ತದೆ.

"ಓಡಿ ಬಂದವನ ಮೂಗು ಹಿಡಿದ್ರ ಏನಾಗ್ತೈತಿ ಹೇಳು ತಮ್ಮಾ? ಹಂಗ ಇದು," ಎಂದು ಅವರು ನನಗೆ ಪಾಠ ಹೇಳುತ್ತಿದ್ದರು.

ಅದಕ್ಕಾಗಿ ಕೂತಲ್ಲೇ ಮನಸ್ಸಿನಲ್ಲಿ ನೂರರ ತನಕ ಎಣಿಸುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು! ಅಕ್ಕ ಕೂಗಿದಷ್ಟೂ ಅವರು ಇಳಿಯುವುದು ತಡ. ಇಷ್ಟು ವರ್ಷ ಸಂಸಾರ ಮಾಡಿದ ಅಕ್ಕನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೂಗದೆ ಇರುವುದು ಅವರಿಗೂ ಆಗುತ್ತಿರಲಿಲ್ಲ.

ಒಮ್ಮೆ ಕಂಪ್ಲಿಯಲ್ಲಿ ನಮ್ಮವರೊಬ್ಬರ ಮದುವೆ. ಮದುಮಗ ಇವರ ಕಾರಿನಲ್ಲೇ ಬಂದ. ಹೆಣ್ಣಿನ ಕಡೆಯವರು ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಇವರು ಇಳಿಯಲಿಲ್ಲ. ಹಿರಿಯರೇ ಇಳಿಯದಿರುವಾಗ ತಾನು ಹೇಗೆ ಇಳಿಯುವುದೆಂದು ಮದುಮಗನೂ ಕೂತ. "ಇಳೀರಿ, ಇಳೀರಿ" ಎಂದು ಹತ್ತು ಜನ ಕೂಗಿದರು. ಹತ್ತು ಸಲ ಒಂದರಿಂದ ಎಣಿಕೆ! ಕರ್ಪೂರ ಎರಡು ಸಲ ಆರಿ, ಮೂರನೆಯ ಸಲ ಹಚ್ಚಿದ ಮೇಲೆ ಮದುಮಗನ ಕಾಲು ನೆಲ ಮುಟ್ಟಿತು. ಮುಂದೆ ಅದೇ ಮನೆಯಲ್ಲಿ ಇನ್ನೊಂದು ಮದುವೆಯಾದಾಗ ಬೀಗರು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಗೌರವದಿಂದ ಕೇಳಿದರು: "ಗಾಡಿ ಬಂದ ಮ್ಯಾಲೆ ಒಂದಿಷ್ಟು ಹೊತ್ತು ಒಳಗ ಕುಂದ್ರೋ ಶಾಸ್ತ್ರ ಐತಲ್ರಿ ನಿಮ್ಮಾಗ, ಅದಕ್ಕ ಏನೇನು ಸಾಮಾನು ಬೇಕ್ರಿ?"

ಆಗ ಗಣಿಯ ಕಾಲ. ಸಂಡೂರಿನ ಗುಡ್ಡ ಕರಗಿ ಲಾರಿಯಲ್ಲಿ ಹೊರಟಿತ್ತು. ರಸ್ತೆ ಕೆಂಪು, ಮರ ಕೆಂಪು, ಎಮ್ಮೆ ಕೆಂಪು. ಷಡ್ಡಕರ ಬಾಡಿಗೆ ಕಾರು ಗಣಿಯ ಸಾಹೇಬರುಗಳನ್ನು ಕರೆದುಕೊಂಡು ದಿನವೂ ಆ ಧೂಳಿನಲ್ಲೇ ಓಡಬೇಕು. ಟರ್ಬೊಗೆ ಧೂಳು ವಿಷವಂತೆ. ಇವರು ಸುಮ್ಮನಿರುವವರೇ? ಗಾಳಿ ಎಳೆಯುವ ಕೊಳವೆಯನ್ನು ಬಾನೆಟ್ ಪಕ್ಕದಿಂದ ಕಾರಿನ ನೆತ್ತಿಯವರೆಗೆ ಎತ್ತರಿಸಿ, ಅದರ ಬಾಯಿಗೆ ಅಕ್ಕನ ಹಳೆಯ ಸೀರೆಯ ತುಂಡು ಕಟ್ಟಿದರು. ಹಸಿರು ಸೀರೆ, ಹಳದಿ ಅಂಚು. ತಲೆಯ ಮೇಲೆ ಸೆರಗು ಹೊದ್ದುಕೊಂಡು ಓಡಾಡುವ ಕಾರು ಇಡೀ ತಾಲ್ಲೂಕಿಗೆ ಅದೊಂದೇ! ಸಂಜೆಯಾದರೆ ಆ ತುಂಡನ್ನು ಕೊಡವಿ ಒಗೆಯುವುದು, ಒಳಗಿನ ಫಿಲ್ಟರ್ ತೆಗೆದು ತಟ್ಟುವುದು, ಆಯಿಲಿನ ಕಡ್ಡಿ ಎಳೆದು ಮೂಸಿ ನೋಡುವುದು. ಎಲ್ಲರೂ ಆಯಿಲ್ ಬದಲಿಸುವ ಹೊತ್ತಿಗೆ ಇವರು ಎರಡು ಸಲ ಬದಲಿಸಿರುತ್ತಿದ್ದರು.

ಇದೆಲ್ಲ ಹುಚ್ಚು ಎಂದು ನಕ್ಕವರೇ ಅವರ ಕಿವಿಯ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ಎಂಥ ಕಿವಿ ಅದು! ಟರ್ಬೊ ಓಡುವಾಗ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತದೆ. ನಮಗೆ ಕೇಳಿಸುವುದೇ ಕಷ್ಟ. ಇವರು ಅದನ್ನು ಕೇಳಿ ರೋಗ ಹೇಳುತ್ತಿದ್ದರು. ತೋರಣಗಲ್ಲಿನಿಂದಲೂ ಡ್ರೈವರುಗಳು ಬಂದು, "ಅಣ್ಣಾರ, ಒಂದೀಟು ಕಿವಿ ಕೊಡ್ರಿ" ಎನ್ನುವರು. ಒಮ್ಮೆ ಒಬ್ಬ ಸಾಹೇಬರ ಹೊಸ ಗಾಡಿಗೆ ಎಳೆತವೇ ಇರಲಿಲ್ಲ. ಇವರು ಬಾನೆಟ್ ತೆರೆಯದೆಯೇ, "ಗಾಳಿ ಪೈಪಿನ ಕ್ಲಿಪ್ ಸಡ್ಲ ಐತ್ರಿ, ಎಡಗಡಿದು" ಎಂದರು. ತೆಗೆದು ನೋಡಿದರೆ ಹೌದು! ಸಾಹೇಬರು ಬೆರಗಾಗಿ, "ಯಾವ ಕಾಲೇಜಿನಾಗ ಕಲ್ತೀರಿ?" ಎಂದರು.

"ಸಂಡೂರು ರಸ್ತೆದಾಗ್ರಿ. ಇನ್ನೂ ಪಾಸಾಗಿಲ್ಲ."

ಆ ದಿನ ಅವರು ನನ್ನ ಷಡ್ಡಕರೆಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಂಥ ಕಿವಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ನಾನು ಎಸ್ಸೆಸ್ಸೆಲ್ಸಿ ಓದಿ, ಅದಿರಿನ ಲಾರಿಗಳಿಗೆ ತೂಕದ ಚೀಟಿ ಬರೆಯುವ ಕೆಲಸದಲ್ಲಿದ್ದವನು. ಶಾಲೆಯಲ್ಲಿ ನನ್ನ ಉತ್ತರ ನೋಡಿ ಬರೆದು ಪಾಸಾದ ಗೆಳೆಯನೊಬ್ಬ ಸಂಡೂರಿನಲ್ಲಿ ಲಾರಿಗಳ ಧಣಿಯಾಗಿದ್ದ. ಅವನ ಹೊಸ ಮನೆಯ ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಹೋಗುವುದೇ? ಷಡ್ಡಕರಲ್ಲಿ ಎರಡು ದಿನಕ್ಕೆ ಕಾರು ಕೇಳಿದೆ. ಯಾರಿಗೂ ಕೊಡದವರು ನನಗೆ ಕೊಟ್ಟರು.

"ನಿಂತ ಮ್ಯಾಲೆ ನೂರು ಎಣಿಸು. ಸೀರಿ ಬಿಚ್ಚಬ್ಯಾಡ. ಇಷ್ಟ ನೋಡು ತಮ್ಮಾ."

ಊರು ದಾಟಿದೊಡನೆ ಮೊದಲು ಸೀರೆ ಬಿಚ್ಚಿದೆ. ಧಣಿಯ ಮನೆಯ ಮುಂದೆ ಸೆರಗು ಹೊದ್ದ ಕಾರೇ? ಛೆ! ದಾರಿಯಲ್ಲಿ ಒಂದು ಹೊಸ ಕಾರು ನನ್ನನ್ನು ಹಿಂದೆ ಹಾಕಿತು. ಅದನ್ನು ಹಿಡಿಯಲು ಏರಿನುದ್ದಕ್ಕೂ ಲಾರಿಗಳ ಧೂಳಿನಲ್ಲೇ ಒತ್ತಿ ಓಡಿಸಿದೆ. ಗೆಳೆಯನ ಬಾಗಿಲಲ್ಲಿ ಬ್ರೇಕ್ ಹಾಕಿ, ತಟ್ಟನೆ ಕೀ ತಿರುಗಿಸಿ, ಬೆರಳಲ್ಲಿ ಕೀಗೊಂಚಲು ಆಡಿಸುತ್ತ ಇಳಿದೆ. ಎಣಿಕೆ? ಜನ ನೋಡುತ್ತಿರುವಾಗ ಕಾರಿನಲ್ಲಿ ಕಣ್ಣು ಮುಚ್ಚಿ ಕೂರಲು ನನಗೇನು ಹುಚ್ಚೇ! ಎರಡು ದಿನ ಗೆಳೆಯನ ನೆಂಟರನ್ನು ಚೋರನೂರಿಗೆ, ಅಲ್ಲಿಗೆ, ಇಲ್ಲಿಗೆ ಸುತ್ತಾಡಿಸಿದೆ. ಪ್ರತಿ ಸಲವೂ ಅದೇ ಓಟ, ಅದೇ ತಟ್ಟನೆ ಇಳಿಯುವ ಠೀವಿ.

ವಾಪಸು ಬರುವಾಗ ಊರ ಹೊರಗೆ ನಿಲ್ಲಿಸಿ ಸೀರೆ ಕಟ್ಟಿದೆ. ಓಣಿಗೆ ತಿರುಗಿದಾಗ ಷಡ್ಡಕರು ಕಟ್ಟೆಯ ಮೇಲೆ ಕೂತಿದ್ದರು. ಕಾರು ಹತ್ತಿರ ಬರುವ ಮುಂಚೆಯೇ ಎದ್ದು ನಿಂತರು.

"ತಮ್ಮಾ, ಸಿಳ್ಳಿ ಬದಲಾಗೈತಿ."

ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ನಾಲಿಗೆ ನಿಲ್ಲಲಿಲ್ಲ. "ಇಲ್ರಿ ಅಣ್ಣಾ, ಮೊದಲಿನಂಗ ಐತಿ. ನಿಮ್ಮ ಕಿವಿಗೆ ಏನಾರ ಆಗೈತೇನು ನೋಡ್ರಿ. ವಯಸ್ಸಾತು."

ಅವರು ನನ್ನ ಮುಖ ನೋಡಿದರು. ಕಾರಿನ ಮುಂದೆ ಇನ್ನೊಂದು ಸಲ ತಲೆ ಬಗ್ಗಿಸಿದರು. ಆಮೇಲೆ ಏನು ಮಾಡಿದರು ಗೊತ್ತೇ? ಮಾರನೆಯ ದಿನ ಡಾಕ್ಟರ ಬಳಿ ಹೋಗಿ ಕಿವಿ ತೊಳೆಸಿಕೊಂಡು ಬಂದರು! ತಮ್ಮ ಕಿವಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದರು.

ವಾರ ಕಳೆದಿರಲಿಲ್ಲ. ಮನೆಯ ಹೆಂಗಸರನ್ನು ಹಂಪಿಗೆ ಕರೆದೊಯ್ಯುತ್ತಿದ್ದೆವು. ಕಮಲಾಪುರ ದಾಟಿದ ಮೇಲೆ ಕಾರಿನ ಹಿಂದೆ ನೀಲಿ ಹೊಗೆ ಎದ್ದಿತು. ಷಡ್ಡಕರು ಕಾರು ಬದಿಗೆ ನಿಲ್ಲಿಸಿ ಕೀ ತಿರುಗಿಸಿದರು. ಎಂಜಿನ್ ನಿಲ್ಲಲಿಲ್ಲ! ಕೀ ಹೊರಗೆ ಎಳೆದರು. ಎಂಜಿನ್ ಇನ್ನೂ ಜೋರಾಗಿ ಅರಚತೊಡಗಿತು. ಟರ್ಬೊ ಒಡೆದು, ಅದರ ಆಯಿಲನ್ನೇ ಎಂಜಿನ್ ಕುಡಿದು ತಾನಾಗಿಯೇ ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ದೇವರ ಹೆಸರುಗಳೆಲ್ಲ ಮುಗಿದವು. ಷಡ್ಡಕರು ಮಾತ್ರ ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ತುಳಿದು, ಕ್ಲಚ್ ಮೇಲಿನ ಕಾಲನ್ನು ತಟ್ಟನೆ ಎತ್ತಿದರು. ಕಾರು ಒಮ್ಮೆ ಅದುರಿ ಸುಮ್ಮನಾಯಿತು. ಎಲ್ಲರೂ ಉಳಿದೆವು. ಎಂಜಿನ್ನೂ ಉಳಿಯಿತು. ಎಂಥ ಧೈರ್ಯ, ಎಂಥ ಕೈ!

ಆವತ್ತು ಅವರು ಎಣಿಸದೆ ಇಳಿದರು. ಅದನ್ನು ಕಂಡೇ ನನಗೆ ಗೊತ್ತಾಯಿತು, ಟರ್ಬೊ ಇನ್ನಿಲ್ಲ.

ಗ್ಯಾರೇಜಿನ ಮಿಸ್ತ್ರಿ ಟರ್ಬೊ ಬಿಚ್ಚಿ, ಇದ್ದಿಲಾದ ಆಯಿಲನ್ನು ಉಗುರಿನಿಂದ ಕೆರೆದು ತೋರಿಸಿದ. "ಕಾದ ಗಾಡಿ ಬಂದ್ ಮಾಡ್ಯಾರ್ರಿ ಯಾರೋ. ಧೂಳು ಬಡದು ಚಕ್ರದ ರೆಕ್ಕಿನೂ ಸವದಾವು. ಅಣ್ಣಾರ, ನಿಮ್ಮ ಗಾಡ್ಯಾಗ ಹಿಂಗಾ?"

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

"ನಾನ ಎಲ್ಲೋ ಮರ್ತಿರಬೇಕು. ಕಿವಿನೂ ಸರಿ ಇಲ್ಲಪ್ಪ ಈಗ," ಎಂದರು ಷಡ್ಡಕರು.

ಹೊಸ ಟರ್ಬೊ ಬಂತು. ಕಾರು ಬೇರೆ ಡ್ರೈವರನ ಕೈಗೆ ಹೋಯಿತು. ಇವರು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಡ್ರೈವರುಗಳು ಕರೆದರೆ, "ನನ್ನ ಕಿವಿ ನಂಬಬ್ಯಾಡ್ರಿ" ಎಂದು ಒಳಗೆ ಎದ್ದು ಹೋಗುವರು. ಬರಬರುತ್ತಾ ಕರೆಯುವವರೂ ನಿಂತರು. ಕೆಟ್ಟ ಟರ್ಬೊ ಬದಲಿಸಬಹುದಿತ್ತು. ನಾನು ಕೆಡಿಸಿದ್ದು ಬೇರೆಯದನ್ನು.

ಗಣಿಯ ಗದ್ದಲ ಅಡಗಿ ವರ್ಷಗಳಾದವು. ನಾವಿಬ್ಬರೂ ಮುದುಕರಾದೆವು. ಮೊನ್ನೆ ಯಾರೋ ಹಳೆಯ ಪರಿಚಯದವನು ಅವರ ಹೆಸರು ನೆನೆದು, ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಇವರು ಕೈಯಾಡಿಸಿ, "ಬ್ಯಾಡಪ್ಪ, ನನ್ನ ಕಿವಿ ಆಗಲೇ ಕೈಕೊಟ್ಟಿತ್ತು" ಎಂದು ಕಳಿಸಿಬಿಟ್ಟರು. ಕಟ್ಟೆಯ ಮೇಲೆ ಅವರ ಪಕ್ಕ ಕೂತಿದ್ದ ನನಗೆ ಇನ್ನು ತಡೆಯಲಾಗಲಿಲ್ಲ.

"ಅಣ್ಣಾ, ಆವತ್ತು ಸಿಳ್ಳಿ ಬದಲಾಗಿತ್ತು," ಎಂದೆ, ಮೆಲ್ಲಗೆ.

"ಆಂ?"

ಈಗ ಅವರಿಗೆ ನಿಜಕ್ಕೂ ಕಿವಿ ಮಂದ. ತಪ್ಪೊಪ್ಪಿಗೆಯನ್ನು ಪಿಸುಮಾತಿನಲ್ಲಿ ಮುಗಿಸುವ ಭಾಗ್ಯವೂ ನನಗಿಲ್ಲ! ಕೂಗಿ ಹೇಳಿದೆ. ಸೀರೆ ಬಿಚ್ಚಿದ್ದು, ಏರಿನಲ್ಲಿ ಒತ್ತಿದ್ದು, ತಟ್ಟನೆ ಕೀ ತಿರುಗಿಸಿದ್ದು, ಸುಳ್ಳು ಹೇಳಿದ್ದು. ಎದುರು ಮನೆಯ ಕಿಟಕಿ ತೆರೆಯಿತು. ನಲ್ಲಿಯ ಹತ್ತಿರ ಕೊಡಗಳು ನಿಂತವು. ನಾನು ತಲೆ ತಗ್ಗಿಸಿ ಏಟಿಗೆ ಕಾದೆ.

"ಹಂಗಾರ... ಆವತ್ತು ನನ್ನ ಕಿವಿ?"

"ಸರಿ ಇತ್ತಣ್ಣಾ. ಪೂರ್ತಿ ಸರಿ ಇತ್ತು."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಒಳಗೆ ತಿರುಗಿ ಕೂಗಿದರು: "ಲೇ ಇವಳೇ, ಜಲ್ದಿ ಬಾರೇ ಇಲ್ಲಿ! ಇವ ಏನು ಹೇಳ್ತಾನ ಕೇಳು!"

ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಷಡ್ಡಕರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಇನ್ನೊಮ್ಮೆ ಹೇಳು ತಮ್ಮಾ. ಜೋರಾಗಿ ಹೇಳು."

ಹೇಳಿದೆ. ಹೇಳಿ ಮುಗಿಸಿದ ಮೇಲೂ ಅವರು ನನ್ನ ಕೈ ಬಿಡಲಿಲ್ಲ.